ತಂಪಿನ ಗುಂಡಿ

ಗೌನಿಪಲ್ಲಿ
ಶುಕ್ರವಾರ, 25 ಏಪ್ರಿಲ್ 2025

ಮೇಘನಾ,

ನಿನ್ನ ದೊಡ್ಡಮ್ಮನ ಆಶೀರ್ವಾದ. ನಾನು ಚೆನ್ನಾಗಿದ್ದೇನೆ, ಅದನ್ನೇ ಬರೆದು ಹಾಳೆ ತುಂಬಿಸುವುದಿಲ್ಲ. ಐದನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವಳು ನಾನು. ತಪ್ಪಿದ್ದರೆ ಸರಿಮಾಡಿಕೊಂಡು ಓದು, ನಗಬೇಡ. ಫೋನಿನಲ್ಲೇ ಹೇಳೋಣ ಅಂತ ನೋಡಿದೆ. ನನಗೆ ಕೋಪ ಬಂತು, ನೀನು ಫೋನ್ ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ. ನಿಮ್ಮ ಕಂಪನಿ ಬಸ್ ಓಡಿಸುವ ವೆಂಕಟ್ ಕೈಯಲ್ಲಿ ಕಳಿಸುತ್ತಿದ್ದೇನೆ. ಭಾನುವಾರದೊಳಗೆ ನಿನ್ನ ಹಾಸ್ಟೆಲಿಗೆ ಮುಟ್ಟದಿದ್ದರೆ ಕಾಲು ಮುರಿಯುತ್ತೇನೆ ಅಂದೆ. "ಏನಕ್ಕಾ, ಈ ವಯಸ್ಸಲ್ಲಿ ಯಾರಿಗೆ ಪ್ರೇಮಪತ್ರ?" ಅಂತ ಹಲ್ಲು ಕಿರಿದ. ಅವನ ಹಲ್ಲನ್ನೂ ಮುರಿಯಬೇಕು.

ನರಸಾಪುರದ ಫ್ಯಾಕ್ಟರಿಯಲ್ಲಿ ಸೋಮವಾರದಿಂದ ಬಿಡಿಭಾಗ ತೊಳೆಯುವ ಟ್ಯಾಂಕಿನ ಜವಾಬ್ದಾರಿ ನಿನ್ನದೇ ಅಂತ ನೀನು ಖುಷಿಯಾಗಿ ಹೇಳಿದೆ. ಸರಿ. ಆಮೇಲೆ ಏನು ಹೇಳಿದೆ? "ಆ ಟ್ಯಾಂಕಿನ ವಾಸನೆ ಎಷ್ಟು ಚೆನ್ನಾಗಿದೆ ಗೊತ್ತಾ ದೊಡ್ಡಮ್ಮ, ಒಂಥರಾ ಸಿಹಿ. ಟ್ರೇನಿಂಗ್ ಅಂತ ಮೂರು ದಿನ ಪಕ್ಕದಲ್ಲೇ ನಿಂತಿದ್ದೆ. ಬಸ್ಸಲ್ಲಿ ತೂಕಡಿಸ್ತಾ ಇದ್ದಾಗ ಅಮ್ಮ ಬಂದಿದ್ಲು. ಫೋಟೋ ಥರ ಅಲ್ಲ, ನಗ್ತಿದ್ಲು." ನಾನು ಬೈದೆ. ಏನಂತ ಬೈದೆನೋ ನನಗೇ ನೆನಪಿಲ್ಲ. ತಾಯಿಯ ಮುಖ ಕನಸಿನಲ್ಲಿ ಕಂಡರೆ ಈ ಮುದುಕಿಗೇನು ಹೊಟ್ಟೆಯುರಿ ಅಂದುಕೊಂಡಿರುತ್ತೀಯ. ಹೊಟ್ಟೆಯುರಿ ಅಲ್ಲ ಕಣೇ. ಭಯ.

ಆ ಸಿಹಿ ನನಗೆ ಗೊತ್ತು.

ನಿಮ್ಮಪ್ಪ ನೀನು ಹುಟ್ಟುವ ಮೊದಲೇ ಹೋದ. ಆಮೇಲೆ ನಾನೂ ನನ್ನ ತಂಗಿ, ನಿಮ್ಮಮ್ಮ ಸುನಂದಳೂ ನಿನ್ನನ್ನು ಎತ್ತಿಕೊಂಡು ಮಾಲೂರಿಗೆ ಹೋಗಿ, ಒಂದು ತಗಡಿನ ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿದೆವು. ಪಂಪಿನ ಬಿಡಿಭಾಗಗಳಿಗೆ ಅಂಟಿದ ಗ್ರೀಸು ತೆಗೆಯುವ ಕೆಲಸ. ಹೆಂಗಸರಿಗೆಲ್ಲ ನಾನೇ ಮೇಸ್ತ್ರಿ. ತೊಳೆಯುವ ಕೆಮಿಕಲ್ ನೋಡಲು ನೀರಿನಂತೆಯೇ ಇರುತ್ತಿತ್ತು. ಡ್ರಮ್ಮಿನ ಮೇಲೆ ಟ್ರೈಕ್ಲೋರೋಎಥಿಲೀನ್ ಅಂತ ಇಂಗ್ಲಿಷಿನಲ್ಲಿ ಬರೆದಿತ್ತಂತೆ. ನಾವು ಸೀನೀರು ಅನ್ನುತ್ತಿದ್ದೆವು. ಅಂಗೈಗೆ ಬಿದ್ದರೆ ಮಂಜಿನಷ್ಟು ತಣ್ಣಗಿರುತ್ತಿತ್ತು. ನೋಡುತ್ತಿದ್ದಂತೆ ಆರಿಹೋಗಿ ಚರ್ಮ ಬಿಳಿಚಿಕೊಳ್ಳುತ್ತಿತ್ತು. ಬಕೆಟ್ ನೀರಿಗೆ ಹಾಕಿದರೆ ಬೆರೆಯದೆ ತಳಕ್ಕೆ ಹೋಗಿ ಕೂರುತ್ತಿತ್ತು. ಸಾಯಂಕಾಲ ಕೋಣೆಗೆ ನಡೆದುಹೋಗುವಾಗ ಕಾಲು ನೆಲಕ್ಕೆ ತಾಗುತ್ತಿದೆ ಅನ್ನಿಸುತ್ತಲೇ ಇರಲಿಲ್ಲ. ದಾರಿಬದಿಯ ನೀಲಗಿರಿ ತೋಪು ತಾನೂ ತೇಲಿಕೊಂಡು ನಮ್ಮ ಜೊತೆಗೇ ಬರುತ್ತಿತ್ತು. ದಣಿವಿಗೆ ಹೀಗಾಗುತ್ತದೆ ಅಂತ ನಗುತ್ತಿದ್ದೆವು.

ಶೆಡ್ಡಿನ ಮೂಲೆಯಲ್ಲಿ ಒಂದು ಗುಂಡಿ ಇತ್ತು. ಯಾವುದೋ ಯಂತ್ರ ಕೂರಿಸಲು ತೋಡಿದ್ದರು, ಯಂತ್ರ ಬರಲೇ ಇಲ್ಲ. ಐದು ಮೆಟ್ಟಿಲು, ಸಿಮೆಂಟಿನ ನೆಲ. ಬೇಸಿಗೆಯಲ್ಲಿ ತಗಡು ಕಾದು ತಲೆ ಸಿಡಿಯುವಾಗ ಅಲ್ಲೊಂದೇ ತಂಪು. ಅದನ್ನು ಕಂಡುಹಿಡಿದವಳು ನಾನು. "ಬನ್ರೇ ಇಲ್ಲಿ, ಅಮ್ಮನ ಮಡಿಲಿದ್ದಂಗೈತೆ" ಅಂತ ನಾನೇ ಕರೆದೆ. ಊಟವಾದ ಮೇಲೆ ಗೋಣಿಚೀಲ ಹಾಸಿಕೊಂಡು ಅರ್ಧ ಗಂಟೆ ಅಲ್ಲಿ ಮಲಗುವುದು ರೂಢಿಯಾಯಿತು. ಅಲ್ಲಿ ಬೀಳುತ್ತಿದ್ದ ಕನಸುಗಳು ಮನೆಯ ಚಾಪೆಯ ಮೇಲೆ ಎಂದೂ ಬೀಳಲಿಲ್ಲ. ಮುಳಬಾಗಿಲಿನ ಭಾರತಮ್ಮ ಅಂತ ಒಬ್ಬಳಿದ್ದಳು. ಅವಳ ಕನಸಿನಲ್ಲಿ ಸತ್ತ ಅತ್ತೆ ಬಂದು ತಲೆ ಬಾಚುತ್ತಿದ್ದಳಂತೆ. "ಬದುಕಿದ್ದಾಗ ಜುಟ್ಟು ಹಿಡಿದು ಜಗ್ಗಾಡಿದ ಮೂದೇವಿ, ಈಗ ಎಣ್ಣೆ ಹಚ್ಚೋಕೆ ಬತ್ತಾಳೆ ನೋಡ್ರೇ" ಅಂತ ನಮ್ಮನ್ನೆಲ್ಲ ನಗಿಸುತ್ತಿದ್ದಳು. ನಿಮ್ಮಮ್ಮನಿಗೆ ಕೆರೆಯ ಕನಸು. ಚಪ್ಪಲಿ ಕೈಯಲ್ಲಿ ಹಿಡಿದು ನೀರಿನ ಮೇಲೆ ನಡೆದು ಹೋಗುತ್ತಿದ್ದಳಂತೆ. ನೀನು ಮುಂದೆ ಮುಂದೆ ಓಡುತ್ತಿದ್ದೆಯಂತೆ, ನಿನ್ನ ಗೆಜ್ಜೆ ತಾಗಿದಲ್ಲೆಲ್ಲ ನೀರಿನಲ್ಲಿ ಉಂಗುರ ಉಂಗುರವಾಗಿ ಅಲೆ ಏಳುತ್ತಿತ್ತಂತೆ. "ಆ ಕಡೆ ದಡ ಇನ್ನೇನು ಸಿಕ್ಕೇಬಿಡ್ತಿತ್ತು, ಯಾಕೆ ಎಬ್ಬಿಸ್ದೆ ಅಕ್ಕಾ?" ಅಂತ ನನ್ನ ಮೇಲೆ ಮುನಿಸಿಕೊಳ್ಳುತ್ತಿದ್ದಳು.

ತಂಪು ಗುಂಡಿಯದು. ಕನಸು ಸೀನೀರಿನದು. ಇದು ನಮಗೆ ಹೊಳೆಯಲಿಲ್ಲ. ಅದರ ಆವಿ ಗಾಳಿಗಿಂತ ಭಾರ, ಹೊಗೆಯ ಹಾಗೆ ಮೇಲೇಳುವುದಿಲ್ಲ. ನೆಲ ಹಿಡಿದು ಹರಿದು, ತಗ್ಗು ಹುಡುಕಿಕೊಂಡು ಹೋಗಿ ತುಂಬಿಕೊಳ್ಳುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಮೊದಮೊದಲು ಸಿಹಿ, ಸ್ವಲ್ಪ ಹೊತ್ತಿಗೆ ಮೂಗು ಸೋತು ಅದೂ ತಿಳಿಯುವುದಿಲ್ಲ. ವಾಸನೆ ನಿಂತರೆ ಆವಿ ಹೋಯಿತು ಅಂತಲ್ಲ ಮೇಘನಾ, ನಿನ್ನ ಮೂಗು ಹೋಯಿತು ಅಂತ.

ನಿನಗೆ ಆಗ ಮೂರು ವರ್ಷ. ಒಂದು ಬೆಳಿಗ್ಗೆ ಡ್ರಮ್ ಉರುಳಿ ಸೀನೀರೆಲ್ಲ ನೆಲಕ್ಕೆ ಚೆಲ್ಲಿತು. ಮಾಲೀಕ ಬರುವುದರೊಳಗೆ ನೆಲ ಚೊಕ್ಕಟವಾಗಬೇಕಿತ್ತು. "ಗುಂಡಿ ಕಡೆ ತಳ್ರೇ, ಅಲ್ಲೇ ಆರೋಗುತ್ತೆ" ಅಂದೆ. ಎಲ್ಲರೂ ಪೊರಕೆ ಹಿಡಿದು ತಳ್ಳಿದರು. ಮಧ್ಯಾಹ್ನ ನೋಡಿದರೆ ಗುಂಡಿಯ ನೆಲ ಒಣಗಿ ಬೆಳ್ಳಗಿತ್ತು. ನಿನಗೆ ಜ್ವರ ಅಂತ ನಿಮ್ಮಮ್ಮ ಎರಡು ದಿನದಿಂದ ಸರಿಯಾಗಿ ಕಣ್ಣು ಮುಚ್ಚಿರಲಿಲ್ಲ. ನಾನೇ ಹೇಳಿದೆ, "ಹೋಗಿ ಮಲಕ್ಕೋ ಹೋಗೇ, ನಿನ್ನ ಬುಟ್ಟೀಲಿರೋ ಭಾಗ ನಾನು ತೊಳೀತೀನಿ." ಉಳಿದವರಿಗೆ ಅವತ್ತು ಅವಸರದ ಕೆಲಸ, ಅವಳೊಬ್ಬಳೇ ಇಳಿದಳು. ಅರ್ಧ ಗಂಟೆಗೆ ಎಬ್ಬಿಸಬೇಕಿತ್ತು. ಪಾಪ ಮಲಗಲಿ ಅಂತ ಒಂದು ಗಂಟೆ ಬಿಟ್ಟೆ.

ಆಮೇಲೆ ಕೂಗಿದೆ. ಏಳಲಿಲ್ಲ. ಬೈದುಕೊಂಡೇ ಇಳಿದೆ. ಮೂರನೇ ಮೆಟ್ಟಿಲಿಗೆ ನನ್ನ ಮಂಡಿ ಹತ್ತಿಯಂತಾಯಿತು. ಅವಳ ಮುಖದಲ್ಲಿ ಸಣ್ಣ ನಗು ಇತ್ತು. ನಾನೂ ಒಂದು ನಿಮಿಷ ಪಕ್ಕದಲ್ಲಿ ಕೂತು ಎಬ್ಬಿಸೋಣ ಅನ್ನಿಸಿತು. ಯಾವ ಗಾಬರಿಯೂ ಇಲ್ಲ, ನೋಡು. ತಂಗಿ ಸಾಯುತ್ತಿದ್ದಾಳೆ, ನನಗೆ ಹಾಯಾಗಿದೆ. ಭಾರತಮ್ಮ ಮೇಲಿನಿಂದ ನನ್ನ ತುರುಬಿಗೆ ಕೈ ಹಾಕಿ ಎಳೆದುಹಾಕಿದಳು. ಗಂಡಸರು ಬಂದು ಕೊಕ್ಕೆಯಿಂದ ನಿಮ್ಮಮ್ಮನನ್ನು ಮೇಲೆ ತರುವಷ್ಟರಲ್ಲಿ ಮುಗಿದಿತ್ತು.

ಎದೆ ನಿಂತುಹೋಯಿತು ಅಂತ ಹೇಳು ಅಂದ ಮಾಲೀಕ. ನಾನು ಹೂಂ ಅಂದೆ. ಅವನಿಗೆ ಹೆದರಿ ಅಲ್ಲ. ಗುಂಡಿಗೆ ತಳ್ಳಿಸಿದ್ದು ಯಾರು ಅಂತ ಕೇಳುತ್ತಾರಲ್ಲ, ಅದಕ್ಕೆ ಹೆದರಿ. ಇಪ್ಪತ್ತು ವರ್ಷ ನಿನಗೂ ಅದನ್ನೇ ಹೇಳಿದೆ. ಡ್ರಮ್ಮಿನ ಚೀಟಿಯನ್ನು ಮಾತ್ರ ಕಿತ್ತು ಇಟ್ಟುಕೊಂಡಿದ್ದೆ. ನೀನು ಎಂಟನೇ ಕ್ಲಾಸಿನಲ್ಲಿದ್ದಾಗ, ಮಾವಿನ ಮರದ ಔಷಧಿ ಅಂತ ಸುಳ್ಳು ಹೇಳಿ ನಿನ್ನ ಬಾಯಲ್ಲೇ ಓದಿಸಿದೆ. ಗಾಳಿಯಾಡುವ ಕಡೆ ಮಾತ್ರ ಬಳಸಿ, ತಗ್ಗಿನಲ್ಲಿ ಸೇರುತ್ತದೆ, ಅಮಲು ಬರಿಸುತ್ತದೆ ಅಂತ ನೀನು ಒಂದೊಂದೇ ಪದ ಬಿಡಿಸಿ ಹೇಳಿದೆ. "ಇಂಥದ್ದನ್ನ ಮರಕ್ಕೆ ಯಾಕೆ ಹೊಡೀತಾರೆ ದೊಡ್ಡಮ್ಮ?" ಅಂತ ಕೇಳಿದೆ. ನಾನು ಹಸು ಕಟ್ಟುವ ನೆವ ಮಾಡಿ ಎದ್ದುಹೋದೆ.

ಆಮೇಲೆ ತಿಳಿದವರನ್ನೆಲ್ಲ ಕೇಳಿ ಕೇಳಿ ಕಲಿತದ್ದು ಇದು, ಈಗ ಕಿವಿಗೊಟ್ಟು ಕೇಳು. ಟ್ಯಾಂಕಿನ ಮೇಲೆ ಬಾಗಬೇಡ. ಆವಿಯನ್ನು ಎಳೆದು ಹೊರಹಾಕುವ ಫ್ಯಾನು ಟ್ಯಾಂಕಿನ ಅಂಚಿನಲ್ಲೇ ಇರಬೇಕು, ಸೂರಿನಲ್ಲಿ ತಿರುಗುವುದು ಯಾವುದಕ್ಕೂ ಬಾರದು. ಕೆಲಸವಿಲ್ಲದಾಗ ಮುಚ್ಚಳ ಹಾಕಿಸು. ಮೂಗಿಗೆ ಕಟ್ಟುವ ಕರ್ಚೀಫು, ಕೊರೋನಾ ಕಾಲದ ಮಾಸ್ಕು ಎರಡೂ ದಂಡ, ಆವಿ ಹೀರುವ ಡಬ್ಬಿಯಿರುವ ಮಾಸ್ಕೇ ಕೇಳು. ತೆಳು ರಬ್ಬರ್ ಗ್ಲೌಸಿನೊಳಗೆ ಇದು ಸದ್ದಿಲ್ಲದೆ ನುಗ್ಗುತ್ತದೆ, ಇದಕ್ಕೆಂದೇ ಮಾಡಿದ್ದು ಬೇಕು. ಹತ್ತಿರದಲ್ಲಿ ಯಾರಾದರೂ ವೆಲ್ಡಿಂಗ್ ಮಾಡಿದರೆ, ಬೀಡಿ ಹಚ್ಚಿದರೆ ನಿಲ್ಲಿಸು. ಆ ಝಳಕ್ಕೆ ಈ ಸಿಹಿಯೇ ಉಸಿರು ಸುಡುವ ವಿಷವಾಗುತ್ತದೆ. ಬಳಸಿ ಕೊಳಕಾದ ಸೀನೀರನ್ನು ಮೋರಿಗೆ ಬಿಡಲು ಬಿಡಬೇಡ, ನೆಲದೊಳಗೆ ಇಳಿದು ಇಳಿದು ಯಾರದೋ ಬೋರ್‌ವೆಲ್ ಸೇರುತ್ತದೆ. ಖಾಲಿ ಡ್ರಮ್ಮನ್ನು ಕುಡಿಯುವ ನೀರಿಗೆ ಅಂತ ಮನೆಗೆ ಸಾಗಿಸುವವರು ಇರುತ್ತಾರೆ, ಬೈದು ಬಿಡಿಸು. ವರ್ಷಗಟ್ಟಲೆ ಉಸಿರಾಡಿದವರಿಗೆ ಕಿಡ್ನಿ ಕ್ಯಾನ್ಸರ್ ಬರಬಹುದು ಅಂತ ಕೋಲಾರದ ಡಾಕ್ಟರು ನನಗೇ ಹೇಳಿದ್ದಾರೆ. ತಲೆ ಹಗುರಾಯಿತು, ಖುಷಿಯಾಯಿತು ಅನ್ನಿಸಿದ ಕೂಡಲೇ ಹೊರಗೆ ಗಾಳಿಗೆ ಓಡು. ಮತ್ತೆ, ತಗ್ಗಿನಲ್ಲಿ ಯಾರಾದರೂ ಬಿದ್ದಿದ್ದರೆ, ಒಡಹುಟ್ಟಿದವಳೇ ಆಗಿರಲಿ, ನನ್ನ ಹಾಗೆ ಇಳಿಯಬೇಡ. ಗಾಳಿ ಸಿಲಿಂಡರ್ ಕಟ್ಟಿಕೊಂಡವರನ್ನು ಕೂಗು.

ಇಷ್ಟೆಲ್ಲ ಕೇಳಿದರೆ ಬಜಾರಿ ಅನ್ನುತ್ತಾರೆ. ಅನ್ನಲಿ. ಕೊಡುವುದಿಲ್ಲ ಅಂದರೆ ಸೋಮವಾರವೇ ವೆಂಕಟ್ ಬಸ್ಸು ಹತ್ತಿ ಬಂದುಬಿಡು.

ಇದನ್ನು ಓದಿದ ಮೇಲೆ ನನ್ನ ಮುಖ ನೋಡಬಾರದು ಅನ್ನಿಸಿದರೆ ನೋಡಬೇಡ. ಸಾಕಿದ್ದೇನೆ ಅಂತ ನಾನು ಹಕ್ಕು ಹೇಳುವುದಿಲ್ಲ. ಕೆಳಗೆ ಬರೀ ಹೆಸರು ಹಾಕಿದ್ದೇನೆ. ದೊಡ್ಡಮ್ಮ ಅನ್ನುವುದು, ಬಿಡುವುದು ನಿನ್ನ ಇಷ್ಟ.

ಇಂತಿ,
ಮುನಿಗಂಗಮ್ಮ

ಮ.ವಿ.: ಇದು ಮರೆತದ್ದಲ್ಲ, ಬರೆಯಬಾರದು ಅಂದುಕೊಂಡಿದ್ದು. ನಿಮ್ಮಮ್ಮ ಹೋದ ಎರಡು ತಿಂಗಳಿಗೆ ನಾನು ಆ ಗುಂಡಿಗೆ ಇನ್ನೊಂದು ಸಲ ಇಳಿದೆ. ಎಲ್ಲಾ ತಿಳಿದೇ ಇಳಿದೆ. ಕನಸಿನಲ್ಲಾದರೂ ಸಿಕ್ಕರೆ ತಪ್ಪಾಯ್ತು ಕಣೇ ಅನ್ನೋಣ ಅಂತ. ಗೋಣಿಯ ಮೇಲೆ ಮಲಗಿ ಕಾದೆ. ಏನೇನೋ ಬಣ್ಣಗಳು ಬಂದವು, ಭಾರತಮ್ಮನ ಅತ್ತೆ ಕೂಡ ಬಂದಳು. ನಿಮ್ಮಮ್ಮ ಬರಲಿಲ್ಲ. ಆಮೇಲೆ ಎಲ್ಲೋ ದೂರದಲ್ಲಿ ಮಗು ಅತ್ತ ಹಾಗಾಯಿತು. ನಿನ್ನನ್ನು ಕರೆದೊಯ್ಯುವ ಹೊತ್ತು ಮೀರಿತ್ತು ಅಂತ ಅಂಗನವಾಡಿ ಟೀಚರ್ ನಿನ್ನನ್ನು ಶೆಡ್ಡಿನ ಬಾಗಿಲಿಗೇ ತಂದು ನಿಲ್ಲಿಸಿದ್ದರು. ಐದು ಮೆಟ್ಟಿಲನ್ನೂ ನಾನು ಅಂಬೆಗಾಲಿನಲ್ಲಿ ಹತ್ತಿ ಬಂದೆ. ಮಾರನೆಯ ದಿನವೇ ಕೆಲಸ ಬಿಟ್ಟು ನಿನ್ನನ್ನು ಇಲ್ಲಿಗೆ ತಂದೆ. ಸೋಮವಾರ ಅಮ್ಮನನ್ನು ಹುಡುಕಿಕೊಂಡು ಆ ವಾಸನೆಗೆ ಮೂಗು ಚಾಚಬೇಡ ಮಗಳೇ. ಅವಳು ಅಲ್ಲಿಲ್ಲ. ನಾನು ಹೋಗಿ ನೋಡಿ ಬಂದವಳು.