ನೀಲಿ ಪಟ್ಟಿಯ ಕಚ್ಚು

ಮಾರ್ಚ್ 3, ಸೋಮವಾರ

ನನ್ನ ಚೆಕಿಂಗ್ ಮೇಜಿಗೆ ಇವತ್ತು ಹನ್ನೊಂದು ಬ್ಯಾಗ್, ಎಲ್ಲ ಹಳೆ ಪ್ಯಾಕೆಟ್ಟಿನ ಪಟ್ಟಿಗಳಿಂದ ಹೆಣೆದವು. ಹತ್ತು ಸರಿ. ಒಂದರಲ್ಲಿ ಕಾಫಿ ಪ್ಯಾಕೆಟ್ಟಿನ ಕಂದು ಪಟ್ಟಿ ಬರಬೇಕಾದ ಕಡೆ ಬಿಸ್ಕತ್ ಪ್ಯಾಕೆಟ್ಟಿನ ಕಡುನೀಲಿ. ಚೀಟಿ ನೋಡಿದೆ — ಅತ್ತಿಗೆಯದು. ಹೋದ ವಾರವೂ ಎರಡು.

ನಮಗೆಲ್ಲ ಹೆಣಿಗೆ ಕಲಿಸಿದವರೇ ಅವರು. ಅಣ್ಣನನ್ನು ಮದುವೆಯಾಗಿ ಬಂದಾಗ ನನಗೆ ಆರು ವರ್ಷ, ಅಮ್ಮ ಇರಲಿಲ್ಲ. ತಲೆ ಬಾಚಿ ಶಾಲೆಗೆ ಕಳಿಸಿದವರೂ ಅವರೇ. ಕೇಳಿದರೆ, "ಟ್ಯೂಬ್‌ಲೈಟ್ ಸರಿ ಇಲ್ಲ ಕಣೇ. ನನ್ನ ಕಣ್ಣಿಗೇನು ಧಾಡಿ!" ಎಂದರು. ಟ್ಯೂಬ್‌ಲೈಟ್ ಹಾಕಿ ಇನ್ನೂ ತಿಂಗಳಾಗಿಲ್ಲ.

ಊಟದ ಹೊತ್ತಿನಲ್ಲಿ ಬಿಚ್ಚಿ ನಾನೇ ಹೆಣೆದೆ. ಯಾರಿಗೂ ಹೇಳಲಿಲ್ಲ.

ಮಾರ್ಚ್ 5

ಪೇಟೆಯ ದೊಡ್ಡ ಅಂಗಡಿಯಿಂದ ಅರವತ್ತು ಬ್ಯಾಗಿಗೆ ಆರ್ಡರ್. ಗಾಜಿನೊಳಗೆ ಲೈಟ್ ಹಾಕಿ ಇಡುತ್ತಾರಂತೆ. ಜನ ಬಿಸಾಡಿದ ಪ್ಯಾಕೆಟ್ಟಿಗೆ ಎಂಥ ಯೋಗ! ಘಟಕ ನಡೆಸುವ ಮೇಡಂ ಕಾಲು ನೆಲದ ಮೇಲಿಲ್ಲ. ಇದು ಚೆನ್ನಾಗಿ ಹೋದರೆ ಇನ್ನೂ ಎಂಟು ಹೆಂಗಸರಿಗೆ ಕೆಲಸ. ಆಮೇಲೆ ಒಂದು ಮಾತು — "ಹೆಣಿಗೆ ತಪ್ಪಿದ್ರೆ ತೊಳೆಯೋ ಕೆಲ್ಸಕ್ಕೆ ಹಾಕ್ತೀನಿ. ಬೇಜಾರ್ ಮಾಡ್ಕೋಬೇಡಿ."

ಪ್ಯಾಕೆಟ್ ತೊಳೆಯುವುದೆಂದರೆ ಹಿಂದಿನ ಶೆಡ್ಡು, ಸೋಪಿನ ನೀರು, ಕೊಳೆತ ಹಾಲಿನ ವಾಸನೆ. ಅತ್ತಿಗೆಯನ್ನು ಅಲ್ಲಿ ನೋಡಲು ನನ್ನಿಂದಾಗದು.

ಮಾರ್ಚ್ 6

ಉಪಾಯ ಹೊಳೆಯಿತು. ಪಟ್ಟಿ ಕತ್ತರಿಸಿ ಕೊಡುವವಳೂ ನಾನೇ. ನೀಲಿ ಪಟ್ಟಿಯ ತುದಿಯಲ್ಲಿ, ಅಂಚಿಗೆ, ಕತ್ತರಿಯಿಂದ ಎಳ್ಳುಕಾಳಿನಷ್ಟು ಕಚ್ಚು. ಬಣ್ಣ ಕಾಣದಿದ್ದರೂ ಬೆರಳಿಗೆ ಸಿಗುತ್ತದೆ. ತುದಿ ಹೇಗೂ ಬ್ಯಾಗಿನ ಬಾಯಿಯ ಮಡಿಕೆಯೊಳಗೆ ಹೋಗುತ್ತದೆ, ಕಾಣದು.

"ಗಡಿಬಿಡೀಲಿ ಬಣ್ಣ ಕಲಸಿ ಹೋಗ್ಬಾರ್ದು ಅಂತ ಎಲ್ರಿಗೂ ಮಾಡಿದೀನಿ" ಎಂದೆ. ಸುಳ್ಳು. ಅತ್ತಿಗೆಯೊಬ್ಬರಿಗೆ ಮಾತ್ರ.

ಸವರಿ ನೋಡಿ, "ಭಾರಿ ಬುದ್ಧಿವಂತೆ ಆಗ್ಬಿಟ್ಟೆ" ಎಂದರು. ಸಂಜೆಯೊಳಗೆ ಎರಡು ಬ್ಯಾಗ್. ಒಂದೂ ತಪ್ಪಿಲ್ಲ. ಬೀಗಿದೆ.

ಮಾರ್ಚ್ 21

ಬರೆಯಲು ಪುರಸೊತ್ತೇ ಇರಲಿಲ್ಲ. ಹೋದ ವಾರ ಅರವತ್ತೂ ಹೋದವು. ಇವತ್ತು ಹದಿನಾಲ್ಕು ವಾಪಸ್. ಹಿಡಿಯ ಬುಡದಲ್ಲಿ ಹರಿದಿವೆ. ಕೈಗೆತ್ತಿಕೊಂಡ ಕೂಡಲೇ ಗೊತ್ತಾಯಿತು — ಸೀಳು ಶುರುವಾದದ್ದೇ ಕಚ್ಚಿನಿಂದ. ಪ್ಯಾಕೆಟ್ ಸಲೀಸಾಗಿ ಹರಿಯಲಿ ಅಂತಲೇ ಕಂಪನಿಯವರು ಅಂಚಿಗೆ ಕಚ್ಚು ಕೊಡುವುದು. ದಿನಾ ಆ ಅಂಚನ್ನೇ ಕತ್ತರಿಸಿ ಎಸೆಯುವ ನನಗೆ ಹೊಳೆಯಲಿಲ್ಲ! ಮಂಗಬುದ್ಧಿ.

"ಎಲ್ಲಾ ಒಬ್ರದೇ ಕೈ. ಯಾಕ್ ಹೀಗಾಯ್ತು?" — ಮೇಡಂ.

ಅತ್ತಿಗೆ ಸೀಳಿನ ಮೇಲೆ ಬೆರಳಾಡಿಸಿದರು. ನನ್ನ ಕಡೆ ತಿರುಗಲೂ ಇಲ್ಲ. "ನಾನೇ ಕತ್ತರಿ ತಾಗಿಸ್ದೆ ಮೇಡಂ. ತಪ್ಪಾಯ್ತು."

ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತೆ. ನಾಚಿಕೆಯಾಗಬೇಕು ನನಗೆ.

ಮಾರ್ಚ್ 22

ಅತ್ತಿಗೆ ಹಿಂದಿನ ಶೆಡ್ಡಿನಲ್ಲಿ. ಮಧ್ಯಾಹ್ನದ ಹೊತ್ತಿಗೆ ತಡೆಯಲಾಗಲಿಲ್ಲ. ಮೇಡಂ ಮುಂದೆ ಎಲ್ಲ ಹೇಳಿದೆ. ಕಚ್ಚು ನನ್ನದು, ಸುಳ್ಳು ನನ್ನದು... ಕಣ್ಣಿನ ವಿಷಯವೂ.

"ಚೆಕಿಂಗಿಂದ ನಿನ್ನನ್ನ ತೆಗೀತೀನಿ" ಎಂದರು. "ಅವರನ್ನ ಡಾಕ್ಟ್ರಿಗೆ ತೋರ್ಸು. ಕಣ್ಣು ಸರಿಹೋದ್ರೆ ಅವರ ಜಾಗ ಅವರಿಗೇ."

ಅತ್ತಿಗೆಗೆ ತಿಳಿಸಿದ್ದೇ ತಡ, "ನನ್ನ ಕಣ್ಣಿನ ಸುದ್ದಿ ಊರಿಗೆಲ್ಲ ಡಂಗುರ ಹೊಡೆಯೋಕೆ ನೀನ್ಯಾರೇ?" ಎಂದರು. ಮಾತು ಬಿಟ್ಟರು.

ಮಾರ್ಚ್ 27

ನನ್ನನ್ನೂ ಶೆಡ್ಡಿಗೇ ಹಾಕಿದ್ದಾರೆ. ಒಂದೇ ತೊಟ್ಟಿ. ಅವರು ತೊಳೆಯುತ್ತಾರೆ, ನಾನು ಒರೆಸುತ್ತೇನೆ. ಐದು ದಿನವಾಯಿತು, ತುಟಿ ಬಿಚ್ಚಿಲ್ಲ. ಇವತ್ತು ಅರ್ಧ ದಿನ ರಜೆ ಹಾಕಿ ಎಲ್ಲಿಗೋ ಹೋದರು.

ಮಾರ್ಚ್ 28, ಸಂಜೆ ಐದು

ಅತ್ತಿಗೆ ಮನೆಯ ಜಗಲಿಗೆ ಬಂದು ಆಸ್ಪತ್ರೆಯ ಚೀಟಿಯನ್ನು ನನ್ನ ಮಡಿಲಿಗೆ ಹಾಕಿದರು. ನಿನ್ನೆ ಒಬ್ಬರೇ ಹೋಗಿ ತೋರಿಸಿಕೊಂಡು ಬಂದಿದ್ದಾರೆ!

"ಓದೇ."

"ನೀವೇ ಓದ್ಕೊಳ್ಳಿ" ಎಂದೆ. ನನಗೂ ಸಿಟ್ಟಿತ್ತು.

"ಕಾಣಲ್ಲ ಕಣೇ" ಎಂದರು. "ಆರು ತಿಂಗಳಾಯ್ತು." ಹೇಳಿ ಒಳಗೆ ಹೋದರು.

ಓದಿದೆ. ಕಣ್ಣಿಗೆ ಪೊರೆ ಬಂದಿದೆಯಂತೆ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಆಪರೇಷನ್. ಕೆಳಗೆ ನರ್ಸಿನ ಅಕ್ಷರದಲ್ಲಿ — ಜೊತೆಗೆ ಬರುವವರು: ಮಗಳು.

ಅತ್ತಿಗೆಗೆ ಹೆತ್ತ ಮಕ್ಕಳಿಲ್ಲ.

ಒಳಗಿನಿಂದ ಕರೆಯುತ್ತಿದ್ದಾರೆ. ಮೊದಲು ಹೋಗಿ ಈ ಚೀಟಿ ಓದಿ ಹೇಳಬೇಕು.