ಏರು ಬಂತು

ಪರಿಗಿ, 12 ಸೆಪ್ಟೆಂಬರ್ 1988, ಬೆಳಗ್ಗೆ

ಇವತ್ತೂ ಜಯಮಂಗಲಿಯಲ್ಲಿ ಗುಂಡಿ ತೋಡಿಯೇ ನೀರು. ಹೆಸರಿಗೆ ಹೊಳೆ, ವರ್ಷವೆಲ್ಲ ಮರಳು. ನಾರಮ್ಮತ್ತೆ ಗುಂಡಿಯಲ್ಲಿ ಕೂತು ಚೆಂಬಿನಲ್ಲಿ ಮೊಗೆಯುವುದು, ನಾನು ಬಿಂದಿಗೆ ಹೊರುವುದು. ದಾಸಣ್ಣ ಎತ್ತು ನೇಗಿಲು ಹೊಡೆದುಕೊಂಡು ಇನ್ನೂ ಬಂದಿಲ್ಲ. ಅವನ ಏರು ಬಾರದೆ ಹುರುಳಿ ಬಿತ್ತುವುದು ಹೇಗೆ? ನಾಳೆ ಬರುತ್ತಾನಂತೆ. ಅವನ ನಾಳೆ ಮುಗಿಯುವುದೇ ಇಲ್ಲ.

15 ಸೆಪ್ಟೆಂಬರ್

ಎರಡು ದಿನ ಈ ಪುಸ್ತಕ ಮುಟ್ಟಲಿಲ್ಲ.

ಮೊನ್ನೆ ಒಳ್ಳೇ ಬಿಸಿಲು. ಅತ್ತೆ ಗುಂಡಿಯಲ್ಲಿ, ನಾನು ದಡದ ಹತ್ತಿರ. ಪಕ್ಕದ ಹೊಲದ ಅಶ್ವತ್ಥಪ್ಪ ದೂರದಿಂದ ಕೂಗಿದರು — "ಏರು ಬಂತು! ಏರು ಬಂದ್ಬುಡ್ತು!"

"ಏನಂತೆ?" ಅಂದರು ಅತ್ತೆ.

"ದಾಸಣ್ಣನ ಏರು ಬಂತಂತೆ. ನೀವು ನಿಧಾನಕ್ಕೆ ತುಂಬ್ಸಿ" ಅಂದೆ.

ತೆಲುಗಿನಲ್ಲಿ ಏರು ಅಂದರೆ ಹೊಳೆ. ಅವರು ಕೂಗಿದ್ದು ಆ ಏರು. ಈ ಆಂಧ್ರದ ಗಡಿ ಊರಲ್ಲಿ ಅದು ಯಾರಿಗೆ ಗೊತ್ತಿಲ್ಲ? ನನಗೂ ಗೊತ್ತು. ಆದರೆ ಆಕಾಶದಲ್ಲಿ ಒಂದು ಮೋಡವಿಲ್ಲ, ತಲೆಯಲ್ಲೆಲ್ಲ ನೇಗಿಲು. ಮಳೆ ಬಿದ್ದದ್ದು ಮೇಲೆ, ತುಮಕೂರು ಕಡೆ ಬೆಟ್ಟದಲ್ಲಿ... ತಿರುವಿನಲ್ಲಿ ಕೆಂಪು ನೀರು ಕಾಣಿಸಿದಾಗ ಅತ್ತೆ ಇನ್ನೂ ಗುಂಡಿಯಿಂದ ಏಳುತ್ತಿದ್ದರು. ಅಶ್ವತ್ಥಪ್ಪನೇ ಓಡಿಬಂದು, ನೀರಿಗೆ ಬಿದ್ದು ಎಳೆದು ತಂದದ್ದು. ಅತ್ತೆಯ ಕಾಲು ಮುರಿದಿದೆ. ಹಿಂದೂಪುರದಲ್ಲಿ ಕಟ್ಟು ಹಾಕಿದರು.

19 ಸೆಪ್ಟೆಂಬರ್

ಹೊಳೆ ಇಳಿಯಿತು. ಮತ್ತೆ ಮರಳು. ಹೆಂಗಸರು ಹೊಸ ಗುಂಡಿ ತೋಡುತ್ತಿದ್ದಾರೆ.

"ಯಾರೂ ಕೂಗ್ಲಿಲ್ವೇನಮ್ಮ?" ಅಂತ ಇವರು ಕೇಳಿದರು. "ನಂಗೇನೂ ಕೇಳಿಸ್ಲಿಲ್ಲ ಕಣಪ್ಪ" ಅಂದರು ಅತ್ತೆ. ಸೊಸೆಯನ್ನು ಕಾಪಾಡಲು ಮಗನ ಮುಂದೆ ಸುಳ್ಳು. ನನ್ನ ಕಡೆ ನೋಡಲಿಲ್ಲ.

ಈಗ ಊರೆಲ್ಲ ಅಶ್ವತ್ಥಪ್ಪನ ಮೇಲೆ. "ನೀರ್ ಬರೋದು ನೋಡ್ದೋನು ಬಾಯಿ ಬಿಡೋಕಾಗ್ಲಿಲ್ವೇನ್ಲಾ?" ಅಂತ ಊರ ಹಿರಿಯ ಈರಲಿಂಗಪ್ಪ ನಮ್ಮ ಜಗಲಿಯಲ್ಲೇ ಬೈದರು. ಎಳೆದು ತಂದವನನ್ನೇ! ನಾನು ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡೆ, ಹೊರಗೆ ಬರಲಿಲ್ಲ. ನಾಚಿಕೆ. ನನ್ನ ಮುಖ ನನಗೇ ಬೇಡವಾಗಿದೆ.

22 ಸೆಪ್ಟೆಂಬರ್, ಸಂಜೆ

ಅಶ್ವತ್ಥಪ್ಪ ಬಂದಿದ್ದಾರೆ. ಚಾಪೆ ಹಾಕಿದರೂ ಕೂರಲಿಲ್ಲ. "ಕೂಗ್ದೆ ಕಣಮ್ಮ. ಇನ್ನೂ ಜೋರಾಗಿ ಕೂಗ್ಬೇಕಾಗಿತ್ತು. ತಪ್ಪಾಯ್ತು" ಅಂತ ಅತ್ತೆಯ ಕಾಲು ಮುಟ್ಟಿದರು. ಅತ್ತೆ ಗೋಡೆ ಕಡೆ ತಿರುಗಿಬಿಟ್ಟರು. ನಾನು ಕಾಫಿ ತರ್ತೀನಿ ಅಂತ ಒಳಗೆ ಓಡಿಬಂದೆ. ಓಡಿಬಂದೆ, ಥೂ.

ಹಾಲು ಒಲೆ ಮೇಲಿದೆ. ಎದುರಿಗೆ ನಿಂತರೆ ಬಾಯಿ ಕಟ್ಟುತ್ತದೆ. ಇಲ್ಲಿ ಬರೆದುಕೊಂಡು ಹೋಗಿ ಹಾಗೇ ಹೇಳಿಬಿಡುತ್ತೇನೆ —

ಅಶ್ವತ್ಥಪ್ಪನೋರೇ, ನೀವು ಕೂಗಿದ್ದು ನನಗೆ ಕೇಳಿಸಿತ್ತು. ನೇಗಿಲು ಬಂತು ಅಂದ್ಕೊಂಡು ಅತ್ತೇನ ಅಲ್ಲೇ ಕೂರಿಸ್ದೋಳು ನಾನು.