ಕಿಂಡಿಗೆ ಬಾರದ ಕೈ

ಅಮಾಗಸಾಕಿ
ನವೆಂಬರ್ 12, ಬುಧವಾರ

ನನ್ನ ನೊರಿಮಿಚಿಯವರಿಗೆ,

ಡಬ್ಬಿ ಕಟ್ಟಿದ ಬಟ್ಟೆಯೊಳಗೆ ಕಾಗದ ಕಂಡು ಗಾಬರಿಯಾಗಬೇಡಿ, ಮೊದಲು ಊಟ ಮುಗಿಸಿ. ಎದುರಿಗೆ ಮಾತೆತ್ತಿದರೆ “ಬಸ್ಸು ಓಡ್ಸಿ ಸುಸ್ತಾಗಿದೆ ಕಣೇ, ಆಮೇಲೆ” ಎಂದು ಸ್ನಾನದ ಮನೆ ಸೇರುತ್ತೀರಿ. ನನ್ನ ಅನುಮಾನವೂ ಅಲ್ಲೇ ಹೋಗಿ ನೆನೆಯುತ್ತಿದೆ.

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಎರಡು ವರ್ಷದಿಂದ ನಾನು ಹೋಗುತ್ತಿರುವುದು ಲಾಂಡ್ರಿ ಕೆಲಸಕ್ಕಲ್ಲ. ನಿಲ್ದಾಣದ ಹಿಂದಿನ ಪಚಿಂಕೊ ಜೂಜಿನಂಗಡಿಯ ಮೂಲೆಯಲ್ಲಿ ಬಹುಮಾನದ ಬಿಲ್ಲೆ ಕೊಳ್ಳುವ ಕಿಂಡಿ ಇದೆಯಲ್ಲ, ಅದರೊಳಗೆ ಕೂರುವವಳು ನಾನೇ. ಯಂತ್ರದಲ್ಲಿ ಉಕ್ಕಿನ ಗುಂಡು ಗೆದ್ದವರ ಕೈಗೆ ಅಂಗಡಿಯವರು ಹಣ ಇಟ್ಟರೆ ಅಪರಾಧ, ಬಿಲ್ಲೆ ಇಟ್ಟರೆ ಆಟ. ಆ ಬಿಲ್ಲೆಗೆ ಹಣ ಕೊಡುವ ನಮಗೂ ಅವರಿಗೂ ಏನೇನೂ ಸಂಬಂಧವಿಲ್ಲ. ನಡುವೆ ಒಂದು ಗೋಡೆ ಇದೆ, ಅಷ್ಟೇ.

ಕಿಂಡಿಯಲ್ಲಿ ಮುಖ ಕಾಣುವುದಿಲ್ಲ, ಕೈ ಮಾತ್ರ. ಪಚಿಂಕೊ ಬಿಟ್ಟೆನೆಂದು ನೀವು ಆಣೆಯಿಟ್ಟ ಮರುವಾರವೇ, ಬಸ್ಸಿನ ಬಾಗಿಲಿಗೆ ಸಿಕ್ಕಿ ಉಗುರು ಸೀಳಿದ ಹೆಬ್ಬೆರಳೊಂದು ಒಳಗೆ ಬಂತು. ಬಯ್ಯಲಿಲ್ಲ. ಗಂಡ ಎಲ್ಲಿದ್ದಾನೆಂದು ಇಷ್ಟು ಖಚಿತವಾಗಿ ಗೊತ್ತಿರುವ ಹೆಂಡತಿ ಈ ಊರಲ್ಲಿ ಇನ್ಯಾರು?

ಸೆಪ್ಟೆಂಬರಿನಿಂದ ಆ ಕೈ ಬರಲಿಲ್ಲ. ದಿನವೂ ಕೈ ಕೊಡುತ್ತಿದ್ದವರು ಈಗ ನಿಜವಾಗಿಯೂ ಕೈಕೊಟ್ಟರು ಎಂದುಕೊಂಡೆ. ದೋಣಿ ಪಂದ್ಯದ ಬಾಜಿಗೂ ಹೋಗುತ್ತಿಲ್ಲ. “ನಗರದವರೇ ನಡ್ಸೋದು, ಸೋತ್ರೂ ತೆರಿಗೆ ಕಟ್ಟಿದ ಹಾಗೆ” ಎನ್ನುತ್ತಿದ್ದ ದೇಶಭಕ್ತರು! ಬದಲಿಗೆ ಒಂದು ಗಂಟೆ ಸ್ನಾನ, ಪ್ಲಾಸ್ಟಿಕ್ ಚೀಲದಲ್ಲಿ ಫೋನು. ಒಳಗಿಂದ ಒಬ್ಬ ಹುಡುಗಿಯ ದನಿ: “ಇನ್ನೊಂದ್ಸಲ ಆಡೋಣ್ವಾ?”

ಬಾಗಿಲಿಗೆ ಕಿವಿಯಿಟ್ಟು ವಾರ ಕಳೆದೆ. ಇಸ್ಪೀಟೆಲೆ ಹಂಚುವ ಸದ್ದು ಕೇಳಿದ ಮೇಲೆಯೇ ಅದು ಫೋನಿನ ಕ್ಯಾಸಿನೊ ಎಂದು ತಿಳಿದದ್ದು. ಸಮಾಧಾನವಾಗಿ, ಪಕ್ಕದಲ್ಲಿ ಕೂರುವ ಒರಿತೊ ಅಕ್ಕನಿಗೆ ಹೇಳಿದೆ. ಅವರು ಹಣೆ ಚಚ್ಚಿಕೊಂಡರು. “ಅಯ್ಯೋ ಪೆದ್ದೀ, ಹೆಂಗಸಾಗಿದ್ರೆ ಪೊಲೀಸರಿಗೇನು? ಫೋನಲ್ಲಿ ಜೂಜಾಡೋದು ಅಪರಾಧ, ಇದಕ್ಕೆ ಅವರೇ ಮನೇಗೆ ಬರ್ತಾರೆ!” ಅದು ಹೊರದೇಶದ ಕಂಪನಿಯಂತೆ, ಲೈಸೆನ್ಸೂ ಇದೆಯಂತೆ ಎಂದೆ. “ಕಂಪನಿ ಚಂದ್ರನ ಮೇಲಿರ್ಲಿ, ಒತ್ತೋ ಬೆರಳು ಅಮಾಗಸಾಕೀಲಿದೆಯಲ್ಲ!” ಎಂದರು.

ಇದೇ ಆಟಕ್ಕೆ ಪಕ್ಕದ ಡಿಪೋದ ಚಾಲಕನೊಬ್ಬನ ಮನೆಗೆ ಪೊಲೀಸರು ಬಂದರಂತೆ. ಅವನೀಗ ಬಸ್ಸು ಓಡಿಸುತ್ತಿಲ್ಲ. ಬಸ್ಸಿಲ್ಲದೆ ನೀವು ಬದುಕಲಾರಿರಿ. ರಜೆಯ ದಿನವೂ ತಿರುವಿನಲ್ಲಿ ನಿಮ್ಮ ಭುಜ ವಾಲುತ್ತದೆ.

ನಾಳೆ ನಿಮಗೆ ರಜೆ. ಪೊಲೀಸರು ಬರುವ ಮೊದಲು ನಾವೇ ಠಾಣೆಗೆ ಹೋಗಿ ಹೇಳಿಬಿಡೋಣ. ಏನಾಗುತ್ತದೋ ಗೊತ್ತಿಲ್ಲ. ಆದರೆ ಬಾಗಿಲು ಬಡಿದ ಸದ್ದಿಗೆಲ್ಲ ಬೆಚ್ಚಿ ಕೂರಲು ನನ್ನಿಂದಾಗದು. ಇಸ್ತ್ರಿ ಮಾಡಿದ ಅಂಗಿ ತೂಗುಹಾಕಿದ್ದೇನೆ.

ಲಾಂಡ್ರಿಯವಳಲ್ಲದ ನಿಮ್ಮ
ಚಿಜುರು

ತಾ.ಕ.: ಭಾನುವಾರ ನೀವು ಕ್ಷೌರಕ್ಕೆ ಹೋದಾಗ ಫೋನು ಚಾರ್ಜಿಗಿತ್ತು. ಎಲೆ ಹಂಚುವ ಆ ಹುಡುಗಿಯ ಮುಖವನ್ನಾದರೂ ನೋಡೋಣವೆಂದು ತೆರೆದೆ. “ಆಡ್ತೀರಾ?” ಎಂದು ನಕ್ಕಳು. ಒತ್ತಿದೆ. ಒಂದು ಸಲವಲ್ಲ, ಹನ್ನೊಂದು ಸಲ. ಹಾಗಾಗಿ ನಾಳೆ ನಾನು ಬರುತ್ತಿರುವುದು ನಿಮಗೆ ಜೊತೆಯಾಗಿರಲಿಕ್ಕೆ ಮಾತ್ರವಲ್ಲ.